ಚಿಕ್ಕಮ್ಮ ಕೇಬಲ್ ಕೊಯ್ದು ನೋಡಿದ್ದು

ನಮ್ಮ ಚಿಕ್ಕಮ್ಮ ಹಲ್ಲು ಕಟ್ಟುವವರು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅದಕ್ಕೆ ತಕ್ಕ ಹಲ್ಲಿನ ಸೆಟ್ಟನ್ನು ಇವರು ಮಾಡಿಕೊಡುತ್ತಿದ್ದರು. ಮನೆಯ ಕೆಳಗೇ ಇದ್ದ ಒಂದು ಕೋಣೆಯ ಕಾರ್ಖಾನೆ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ಹೊಸಬರು ಒಳಗೆ ಕಾಲಿಟ್ಟರೆ ನೂರಾರು ಬಾಯಿ ಒಟ್ಟಿಗೆ ನಕ್ಕಂತಾಗಿ ಬಾಗಿಲಲ್ಲೇ ತಡವರಿಸುತ್ತಿದ್ದರು. ಅಷ್ಟು ಬಾಯಿಗಳ ನಡುವೆ ಮಾತಾಡುತ್ತಿದ್ದುದು ಮಾತ್ರ ಮೂಲೆಯ ರೇಡಿಯೋ ಒಂದೇ.

ಮೆಟ್ಟಿಲು ಹತ್ತಿ ಮನೆಗೆ ಬಂದರೆ ಚಿಕ್ಕಪ್ಪ. ಅವರು ಹರಾಜು ಕೂಗುವವರು. ಹಗಲೆಲ್ಲ ಹಳೇ ಕುರ್ಚಿ, ಮೇಜು, ಮುಚ್ಚಿದ ಅಂಗಡಿಗಳ ಸಾಮಾನು ಕೂಗಿ ಕೂಗಿ, ಊಟಕ್ಕೆ ಕೂತರೂ "ಕೊನೇ ಸೌಟು ಯಾರಿಗೆ? ಒಂದು ಸಾರಿ, ಎರಡು ಸಾರಿ..." ಎನ್ನುತ್ತಿದ್ದರು. ಅವರ ಮಾತಿನ ಮಧ್ಯೆ ಉಸಿರು ತೂರಿಸುವುದೂ ಕಷ್ಟ.

ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ದಿನ ಚಿಕ್ಕಮ್ಮ ಕೈಯಲ್ಲಿದ್ದ ದವಡೆಯನ್ನು ಕೆಳಗಿಟ್ಟು, "ಮೂವತ್ತು ವರ್ಷದಿಂದ ಈ ರೇಡಿಯೋ ಮಾತಾಡ್ತಾನೇ ಇದೆ, ನಾನು ಕೇಳ್ತಾನೇ ಇದ್ದೀನಿ. ಇನ್ಮೇಲೆ ನಾನು ಮಾತಾಡ್ತೀನಿ, ಬೇರೆಯವ್ರು ಕೇಳ್ಲಿ" ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಮನೆಯಿಂದಲೇ ದೂರದೂರಿನವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋದ ಪುಸ್ತಕ ತಂದು ಓದಿ, ಪರೀಕ್ಷೆ ಬರೆದು, ಎರಡನೆಯ ಸಲಕ್ಕೆ ಪಾಸಾಗಿ ಲೈಸೆನ್ಸ್ ಹಿಡಿದುಕೊಂಡೇ ಬಂದರು. ಅದರಲ್ಲಿ ಅವರಿಗೆ ಬಹಳ ಹಿಡಿಸಿದ್ದು ಒಂದು ಪದ್ಧತಿ: ಒಬ್ಬರು ಮಾತು ಮುಗಿಸಿ "ಓವರ್" ಎನ್ನುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. "ಎಂಥ ಒಳ್ಳೇ ಕಾನೂನು!" ಎಂದರು, ಚಿಕ್ಕಪ್ಪನ ಕಡೆ ನೋಡದೆ.

ಮಾತು ಕಳಿಸಲೂ ಬರುವ ಹಳೆಯದೊಂದು ರೇಡಿಯೋ ಸಿಕ್ಕಿತು. ಆಂಟೆನಾ ಮಾತ್ರ ತಾವೇ ಮಾಡುತ್ತೇನೆಂದು ಹಟ. ಹತ್ತತ್ತು ಮೀಟರಿನ ಎರಡು ತಾಮ್ರದ ತಂತಿ, ತಾರಸಿಯ ಈ ಕೊನೆಯಿಂದ ಆ ಕೊನೆಗೆ. ಅವೆರಡೂ ಸೇರುವ ನಡುವಿನಿಂದ ಮನೆಯೊಳಗಿನ ರೇಡಿಯೋಗೆ ಕೇಬಲ್ ಇಳಿಸಬೇಕು. ದಾರದ ತುದಿಗೆ ಪ್ಲಾಸ್ಟರಿನ ಗಡ್ಡೆ ಕಟ್ಟಿ ಮೇಲಿನಿಂದ ಇಳಿಬಿಟ್ಟು ಅಳೆದರು. ಹದಿನೆಂಟು ಮೀಟರ್. ಯಾವ ಕೇಬಲ್ ಎನ್ನುವಲ್ಲಿಂದ ಶುರುವಾಯಿತು ಪಡಿಪಾಟಲು.

ಮೊದಲು ಚಿಕ್ಕಪ್ಪ ಹರಾಜಿನಿಂದ ಒಂದು ದೊಡ್ಡ ಸುರುಳಿ ಹೊತ್ತು ತಂದರು. "ಯಾರೂ ಕೂಗದ ಮಾಲು! ನಿಂಗೆ ಬೇಕಾದಷ್ಟು ತಗೋ, ಉಳಿದದ್ದು ಬಟ್ಟೆ ಒಣಗಿಸೋಕೆ."

ಚಿಕ್ಕಮ್ಮ ಹಲ್ಲು ಕೊಯ್ಯುವ ಗರಗಸದಿಂದ ಒಂದು ತುಂಡು ಕೊಯ್ದು, ಉಜ್ಜಿ ನಯ ಮಾಡಿ, ಭೂತಗನ್ನಡಿಯ ಕೆಳಗಿಟ್ಟರು. ಕೇಬಲನ್ನು ಅಡ್ಡ ಕೊಯ್ದರೆ ಥೇಟ್ ಹಲ್ಲಿನ ಹಾಗೇ: ನಟ್ಟನಡುವೆ ತಾಮ್ರದ ನರ, ಸುತ್ತ ಬಿಳಿ ಭಾಗ, ಅದರ ಮೇಲೆ ಸಣ್ಣ ತಂತಿಗಳ ಹೆಣಿಗೆ, ಹೊರಗೆ ಕರಿ ತೊಗಲು. ಈ ಹೆಣಿಗೆ ಪಾಚಿಯಂತೆ ಹಸಿರಾಗಿತ್ತು.

"ಹುಳುಕು ಹತ್ತಿದೆ ರೀ. ಒಳಗೆ ನೀರು ಹೋಗಿದೆ."

"ಒಂದು ತುದಿ ತಾನೆ? ಮಧ್ಯದಲ್ಲಿ ನೋಡು."

ಐದು ಕಡೆ ಕೊಯ್ದರು. ಐದೂ ಕಡೆ ಹುಳುಕು. ಚಿಕ್ಕಪ್ಪ ಮುನಿಸಿಕೊಂಡು ಎರಡು ಹೊತ್ತು ಮಾತು ಬಿಟ್ಟರು. ಚಿಕ್ಕಮ್ಮನಿಗೆ ಆ ಕೇಬಲಿನಿಂದ ಆದ ಉಪಕಾರ ಅದೊಂದೇ.

ಆಮೇಲೆ ಅಂಗಡಿಗೆ ಹೋದರು. ಅಂಗಡಿಯವನು ಹೆಬ್ಬೆರಳು ದಪ್ಪದ ಕೇಬಲ್ ಎಳೆದು ತೋರಿಸಿದ. "ಇದು ಹಾಕ್ಬಿಡಿ ಅಮ್ಮ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ." ಪಕ್ಕದಲ್ಲೇ ಪೆನ್ಸಿಲಿಗಿಂತ ತೆಳ್ಳಗಿನದು ಎರಡು ಬಗೆಯದಿತ್ತು. ಮೂರರ ಮೇಲೂ ಅವರ ರೇಡಿಯೋಗೆ ಹೊಂದುವ ಐವತ್ತು ಓಮ್ ಅಂಕಿಯಿತ್ತು. ಚಿಕ್ಕಮ್ಮ ಮೂರರದ್ದೂ ಬೆರಳುದ್ದ ತುಂಡು ಕೇಳಿದರು.

"ಏನು ಮಾಡ್ತೀರಿ?"

"ಕೊಯ್ದು ನೋಡ್ತೀನಿ."

ಮಾರನೆಯ ದಿನ ಮೂರು ತುಂಡುಗಳನ್ನೂ ನಯ ಮಾಡಿ ಭೂತಗನ್ನಡಿಯ ಜೊತೆಗೇ ಒಯ್ದು ಕೌಂಟರ್ ಮೇಲಿಟ್ಟರು. "ನೋಡಿ, ನಿಮ್ಮ ದಪ್ಪನೇದು. ನರ ಒಂದು ಪಕ್ಕಕ್ಕೆ ಜರುಗಿದೆ, ಕಟ್ಟಿದೋರಿಗೆ ಕೈ ಸರಿ ಇಲ್ಲ. ಈ ತೆಳ್ಳನೇದ್ರಲ್ಲಿ ಹೆಣಿಗೆ ಸೊಳ್ಳೆಪರದೆ ಹಾಗಿದೆ. ಇನ್ನೊಂದು ತೆಳ್ಳನೇದು ನೋಡಿ, ನರ ನಟ್ಟನಡುವೆ, ಹೆಣಿಗೆ ಒತ್ತಾಗಿದೆ. ಇದೇ ಹದಿನೆಂಟು ಮೀಟರ್ ಕೊಡಿ. ಒಂದು ಮೀಟರ್ ಜಾಸ್ತಿ ಹಾಕಿ."

"ತೆಳ್ಳನೇದ್ರಲ್ಲಿ ಶಕ್ತಿ ಸೋರುತ್ತೆ ಅಮ್ಮ."

"ನಾನು ಮಾತಾಡೋ ರೇಡಿಯೋ ಅಲೆಗೆ, ಇಷ್ಟು ಉದ್ದಕ್ಕೆ, ದಪ್ಪದಕ್ಕಿಂತ ನೂರಕ್ಕೆ ಏಳೆಂಟು ಪಾಲು ಹೆಚ್ಚು ಸೋರುತ್ತೆ, ಅಷ್ಟೆ. ಸೋರ್ಲಿ ಬಿಡಿ. ನಿಮ್ಮ ಹೆಬ್ಬಾವನ್ನ ಕಟ್ಟಿದ್ರೆ ನನ್ನ ತಂತಿನೇ ಜೋತು ಬೀಳುತ್ತೆ."

ಅಂಗಡಿಯವನು ಕನ್ನಡಿಯಿಂದ ಕಣ್ಣು ತೆಗೆಯದೆ, "ಇಷ್ಟು ವರ್ಷ ಮಾರಿದ್ದೀನಿ, ಇದರ ಹೊಟ್ಟೆಯೊಳಗೆ ಏನಿದೆ ಅಂತ ಇವತ್ತೇ ನೋಡಿದ್ದು" ಎಂದ.

ಮೇಲಿನ ಜೋಡಣೆಗೆ ನೀರು ಇಳಿಯದಂತೆ ಚಿಕ್ಕಮ್ಮ ಒಸಡಿಗೆ ಬಳಸುವ ಗುಲಾಬಿ ಬಣ್ಣದ ಅಕ್ರಿಲಿಕ್ ಸುರಿದು ಮುಚ್ಚಿದರು. ಎದುರು ಮನೆಯವರು ಕಿಟಕಿಯಿಂದ ನೋಡಿ, "ಅದೇನ್ರೀ ಆಕಾಶದಲ್ಲಿ ಒಸಡು ನೇತಾಡ್ತಿದೆ?" ಎಂದು ಕೇಳಿದರಂತೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕಮ್ಮ ಮೈಕ್ ಹಿಡಿದು ಕರೆದರು. ಒಂದು ಸಲ, ಎರಡು ಸಲ, ಹತ್ತು ಸಲ. ಬರೀ ಗೊರಗೊರ. ಹನ್ನೊಂದನೆಯ ಸಲಕ್ಕೆ ಒಂದು ಮುದಿ ದನಿ ಎದ್ದಿತು: "ಸಂತೋಷ, ಸಂತೋಷ, ನಿಮ್ಮ ಸಿಗ್ನಲ್ ಸೊಗಸಾಗಿದೆ. ಓವರ್." ದೂರದ ಊರಿನ ನಿವೃತ್ತ ರೈಲು ಗಾರ್ಡ್ ಅಂತೆ. ಆದರೆ ಪ್ರತಿ 'ಸ'ಗೂ ಸುಯ್ ಎಂದು ಸಿಳ್ಳೆ.

ಚಿಕ್ಕಪ್ಪನಿಗೆ ಹಳೆಯ ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಬೇರೆ ಬೇಕೆ? "ನೋಡಿದ್ಯಾ, ಕೇಬಲ್ ಸಿಳ್ಳೆ ಹೊಡೀತಿದೆ! ದಪ್ಪದ್ದು ತಗೋ ಅಂತ ಅಂಗಡಿಯವ್ನೇ ಬಡ್ಕೊಂಡ."

ಚಿಕ್ಕಮ್ಮ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ಕಣ್ಣು ಮುಚ್ಚಿ ಇನ್ನೊಂದು ನಿಮಿಷ ಕೇಳಿದರು. ಆಮೇಲೆ ಗುಂಡಿ ಒತ್ತಿ, "ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲಿನ ಸೆಟ್ ಸಡಿಲ ಆಗಿದೆ ಅಲ್ವಾ? ಮುಂದಿನ ಹಲ್ಲು ಒಂದು ಚೂರು ಆಚೆ ಕೂತಿದೆ. ಓವರ್" ಎಂದರು.

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ, "ಈ ರೇಡಿಯೋದಲ್ಲಿ ಬಾಯಿಯ ಒಳಗೂ ಕಾಣಿಸುತ್ತಾ ಮೇಡಂ? ಓವರ್."

ಮುಂದಿನ ತಿಂಗಳು ಗಾರ್ಡ್ ಏಳು ಗಂಟೆ ರೈಲಿನಲ್ಲಿ ಕೂತು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡು ಬಂದರು. ಚಿಕ್ಕಮ್ಮ ಪರಿಚಯದ ದಂತವೈದ್ಯರಲ್ಲಿಗೆ ಕರೆದೊಯ್ದು ಹೊಸ ಅಚ್ಚು ತೆಗೆಸಿ, ಎರಡು ದಿನದಲ್ಲಿ ಸೆಟ್ ಮಾಡಿಕೊಟ್ಟರು. ಹಾಕಿಕೊಂಡ ಗಾರ್ಡ್ "ಸಾಸಿವೆ, ಸಂಪಿಗೆ, ಸಲಾಮು" ಎಂದು ಪರೀಕ್ಷೆ ಮಾಡಿ ನೋಡಿದರು. ಸಿಳ್ಳೆ ಮಾಯ. ವಾರಗಟ್ಟಲೆ ರೇಡಿಯೋದಲ್ಲಿ ಗಂಟೆಗಟ್ಟಲೆ ಮಾತಾಡಿದ್ದ ಇಬ್ಬರೂ ಎದುರುಬದುರು ಕೂತಾಗ ಏನು ಮಾತಾಡಬೇಕೋ ತೋಚದೆ ನೆಲ ನೋಡಿದರು. ಚಿಕ್ಕಪ್ಪನೇ ಎಲ್ಲ ಮಾತಾಡಿ ರೈಲು ಹತ್ತಿಸಿ ಬಂದರು.

ಮರುದಿನ ಬೆಳಿಗ್ಗೆ ಗಾರ್ಡ್ ತಮ್ಮ ಊರಿನಿಂದ ರೇಡಿಯೋದಲ್ಲಿ ಕರೆದರು. ಅವತ್ತು ಇಬ್ಬರೂ ಮಧ್ಯಾಹ್ನದ ಊಟದ ತನಕ ಮಾತು ನಿಲ್ಲಿಸಲಿಲ್ಲ.