ಒಂಬತ್ತನೇ ಪುಟದಲ್ಲಿ ಆಮೆ ಬರುತ್ತೆ

ಬೆಳಗಿನ ಆರು ಗಂಟೆ. ಲೈಬ್ರರಿಯ ಮುಂಬಾಗಿಲು ತೆರೆಯಲು ಇನ್ನೂ ಮೂರು ಗಂಟೆ ಇದೆ. ಪಕ್ಕದ ಸಣ್ಣ ಬಾಗಿಲಿನ ಬೀಗ ಮಾತ್ರ ಆಗಲೇ ತೆಗೆದಿದೆ, ಒಳಗಿನಿಂದ ಪೊರಕೆಯ ಸದ್ದು ಕೇಳುತ್ತಿದೆ. ಪತ್ರಿಕೆಗಳ ಹಾಲ್, ದೊಡ್ಡವರ ವಿಭಾಗ, ಮೆಟ್ಟಿಲು, ಕೊನೆಗೆ ಮಕ್ಕಳ ಕೋಣೆ. ಗುಡಿಸಿ ಒರೆಸಿ ಮುಗಿಸುವಷ್ಟರಲ್ಲಿ ಏಳಾಗುತ್ತದೆ. ಆಮೇಲೆ ಗುಡಿಸಿದ ಮಹಿಳೆ ಕೈ ತೊಳೆದು, ಎರಡೆರಡು ಸಲ ಒರೆಸಿಕೊಂಡು, ಮಕ್ಕಳ ಗಿಡ್ಡ ಕುರ್ಚಿಯೊಂದರಲ್ಲಿ ಕೂರುತ್ತಾರೆ. ಮೊಣಕಾಲು ಎದೆಗೆ ತಾಗುವ ಹಾಗಾಗುತ್ತದೆ. ಮುಂದೆ ಹುರಿ ಬಿಗಿದ ಹೊಸ ಪುಸ್ತಕಗಳ ಕಟ್ಟು. ಹುರಿಯನ್ನು ಕತ್ತರಿಸುವ ಅಭ್ಯಾಸ ಅವರಿಗಿಲ್ಲ. ಉಗುರಿನಿಂದ ಗಂಟು ಬಿಡಿಸಿ, ಮೇಲಿನ ಪುಸ್ತಕ ತೆಗೆದು, ಮೊದಲು ಮೂಗಿಗೆ ಹಿಡಿಯುತ್ತಾರೆ. ನಂತರ ಪುಟ ತೆರೆದು, ಸಾಲಿನ ಕೆಳಗೆ ತೋರುಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದತೊಡಗುತ್ತಾರೆ.

ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಫಕ್ಕನೆ ಒಂದು ನಗು.

“ಖಾಲಿ ಕಟ್ಟಡದಲ್ಲಿ ಒಬ್ಬಳೇ ಕೂತು ನಗೋದು ಕೇಳಿದ್ರೆ ಜನ ಏನಂದ್ಕೋತಾರೋ,” ಎಂದು ಬಾಗಿಲ ಕಡೆ ನೋಡುತ್ತಾರೆ. “ಹಾಲಿನವನು ಒಂದು ಸಲ ಹೆದರಿ ಓಡಿಹೋಗಿದ್ದ.”

ಇವರಿಗೆ ಐವತ್ತೊಂದು ವರ್ಷ. ಲೈಬ್ರರಿಯ ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ ಅಟೆಂಡರ್. ಗುಡಿಸುವುದು, ದೂಳು ಹೊಡೆಯುವುದು, ಹೊಸ ಪುಸ್ತಕಗಳಿಗೆ ಮೊಹರು ಒತ್ತಿ ನಂಬರು ಅಂಟಿಸುವುದು, ಇಷ್ಟೇ ಕೆಲಸ. ಮಕ್ಕಳ ಲೆಕ್ಕದಲ್ಲಿ ಮಾತ್ರ ಇವರು ‘ಚೀಟಿಯಮ್ಮ’. ಓದಿ ಮುಗಿಸಿದ ಪ್ರತಿ ಮಕ್ಕಳ ಪುಸ್ತಕದಲ್ಲೂ ಒಂದು ಚೀಟಿ ಬರೆದಿಡುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಮೂಲೆಗೆ ಬಿದ್ದ ಪುಸ್ತಕಪಟ್ಟಿಯ ಹಳೆಯ ಕಾರ್ಡುಗಳ ಬೆನ್ನೇ ಇವರ ಕಾಗದ. ಹೊಸದಾಗಿ ಬರುವ ತಾಯಂದಿರು ಈ ಹೆಸರು ಕೇಳಿ, “ನೀವು ಚೀಟಿ ನಡೆಸ್ತೀರಂತೆ, ತಿಂಗಳಿಗೆ ಎಷ್ಟು ಕಟ್ಟಬೇಕು?” ಎಂದು ವಿಚಾರಿಸಿದ್ದೂ ಉಂಟು.

ಚೀಟಿಗಳಲ್ಲಿ ಪಾಂಡಿತ್ಯವೇನೂ ಇಲ್ಲ. ಒಂದರಲ್ಲಿ ಹೀಗಿದೆ: ‘ಇದನ್ನು ಊಟ ಮಾಡುತ್ತಾ ಓದಬೇಡ, ನೆತ್ತಿಗೆ ಹತ್ತುತ್ತೆ.’ ಇನ್ನೊಂದರಲ್ಲಿ: ‘ದೆವ್ವ ಇದೆ. ಆದರೆ ಅದು ನಿನಗಿಂತ ಪುಕ್ಕಲು.’ ಮತ್ತೊಂದು, ಓದಿ ಓದಿ ಅಂಚು ಸವೆದದ್ದು: ‘ಮೊದಲ ಎಂಟು ಪುಟ ಸ್ವಲ್ಪ ಸಪ್ಪೆ. ಒಂಬತ್ತರಲ್ಲಿ ಆಮೆ ಬರುತ್ತೆ. ಅಲ್ಲೀವರೆಗೂ ತಡಕೋ.’

ಎಷ್ಟನೇ ಪುಟದಲ್ಲಿ ಬೇಜಾರಾಗುತ್ತದೆ, ಎಷ್ಟನೆಯದರಲ್ಲಿ ಸರಿಹೋಗುತ್ತದೆ ಎಂದು ಇಷ್ಟು ಕರಾರುವಾಕ್ಕಾಗಿ ಹೇಳಲು ಹೇಗೆ ಸಾಧ್ಯ? “ನಾನು ಓದೋದು ನಿಧಾನ ಅಲ್ವಾ, ಗಂಟೆಗೆ ಹನ್ನೆರಡು ಪುಟ,” ಎನ್ನುತ್ತಾರೆ. “ಎಂಟು ವರ್ಷದ ಮಕ್ಕಳು ಎಲ್ಲಿ ಮುಗ್ಗರಿಸ್ತವೋ ನಾನೂ ಅಲ್ಲೇ ಮುಗ್ಗರಿಸ್ತೀನಿ. ಚೆನ್ನಾಗಿ ಓದಿದೋರಿಗೆ ಅದು ಗೊತ್ತಾಗಲ್ಲ.”

ಅವರು ಶಾಲೆ ಬಿಟ್ಟದ್ದು ಆರನೇ ತರಗತಿ ಮುಗಿದ ಬೇಸಿಗೆಯಲ್ಲಿ. ತಾಯಿ ಹಾಸಿಗೆ ಹಿಡಿದಿದ್ದರು, ಕೆಳಗೆ ಇಬ್ಬರು ತಮ್ಮಂದಿರು. ತಮ್ಮಂದಿರು ಜಗುಲಿಯಲ್ಲಿ ಪಾಠ ಗಟ್ಟಿಯಾಗಿ ಓದುವಾಗ ಅಕ್ಕ ಒಳಗೆ ಪಾತ್ರೆ ತಿಕ್ಕುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನೀರು ಬಿಟ್ಟರೆ ಕಥೆ ಕೇಳಿಸದು ಎಂದು ನಲ್ಲಿಯನ್ನು ಸಣ್ಣಗೆ ತಿರುಗಿಸಿಕೊಳ್ಳುತ್ತಿದ್ದಳಂತೆ. “ಪಾತ್ರೆ ತೊಳೆಯೋಕೆ ಎಷ್ಟು ಹೊತ್ತೇ ಅಂತ ಅಮ್ಮ ಒಳಗಿಂದ ಕೂಗೋರು. ನಾನು ತೊಳೆದ ತಟ್ಟೆನೇ ಮತ್ತೆ ತೊಳೀತಿದ್ದೆ.”

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಈ ಲೈಬ್ರರಿಗೆ ಕಸ ಗುಡಿಸಲು ಸೇರಿದರು. ಕೆಲ ದಿನಗಳಲ್ಲಿ ಮೊಹರು ಒತ್ತುವ ಕೆಲಸವೂ ಸೇರಿಕೊಂಡಿತು. ಪುಸ್ತಕ ಕಳವಾದರೆ ಗುರುತು ಹಿಡಿಯಲೆಂದು ಮೊದಲ ಪುಟದ ಜೊತೆಗೆ ಒಳಗಿನ ಒಂದು ಪುಟಕ್ಕೂ ಮೊಹರು ಬೀಳಬೇಕು. ಇಲ್ಲಿ ಅದು ಇಪ್ಪತ್ತೊಂದನೇ ಪುಟ. ಶಾಯಿ ಆರುವವರೆಗೆ ಪುಸ್ತಕ ಮುಚ್ಚುವಂತಿಲ್ಲ, ಹಾಗಾಗಿ ಆ ಪುಟವನ್ನು ಓದಿಕೊಳ್ಳುತ್ತಿದ್ದರು. “ಹತ್ತು ವರ್ಷ ನಾನು ಓದಿದ್ದು ಬರೀ ಇಪ್ಪತ್ತೊಂದನೇ ಪುಟ. ಸಾವಿರಾರು ಪುಸ್ತಕದ್ದು. ಯಾರು ಎಲ್ಲಿಂದ ಬಂದ್ರು, ಕೊನೆಗೆ ಏನಾದ್ರು, ಒಂದೂ ಗೊತ್ತಿಲ್ಲ. ರಾತ್ರಿ ಮಲಗಿದ್ರೆ ಅವರೆಲ್ಲ ಅರ್ಧದಾರೀಲಿ ನಿಂತ್ಕೊಂಡಿರೋ ಹಾಗೆ ಅನ್ಸೋದು.” ಒಂದು ದಿನ ಮಕ್ಕಳ ಪುಸ್ತಕವೊಂದರ ಆ ಪುಟದ ಕೊನೆಯ ಸಾಲಿನಲ್ಲಿ, ಕೋತಿಯೊಂದು ಇನ್ಸ್‌ಪೆಕ್ಟರ್ ಟೋಪಿಗೆ ಕೈ ಹಾಕುವಲ್ಲಿಗೆ ವಾಕ್ಯ ನಿಂತುಹೋಗಿತ್ತು. “ಶಾಯಿ ಆರಿತ್ತು. ಆದ್ರೂ ಪುಟ ತಿರುಗಿಸಿದೆ.”

ಅಲ್ಲಿಂದ ಮುಂದಕ್ಕೆ ಇವರ ದಿನಚರಿಯೇ ಬೇರೆಯಾಯಿತು. ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವರು, ನಸುಕಿಗೇ ಹೊರಡುತ್ತಾರೆ. ಅವರ ಹಿಂದೆಯೇ ಇವರೂ ಮನೆಬಾಗಿಲು ಹಾಕಿಕೊಂಡು ಬರುತ್ತಾರೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಗನಿಗೆ ಪುಸ್ತಕವೆಂದರೆ ಮಾರುದೂರ. “ಊರಿನ ಮಕ್ಕಳಿಗೆಲ್ಲ ಓದಿಸ್ತೀನಿ, ನನ್ನ ಮಗ ಸ್ಪ್ಯಾನರ್ ಬಿಟ್ಟು ಬೇರೇನೂ ಮುಟ್ಟಲ್ಲ,” ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ತಿಂಗಳಿಗೆ ಹದಿನೆಂಟೋ ಇಪ್ಪತ್ತೋ ಮಕ್ಕಳ ಪುಸ್ತಕ ಬರುತ್ತವೆ. ಎಷ್ಟು ಬೆಳಗ್ಗೆ ಬಂದರೂ ಹನ್ನೆರಡು, ಹದಿಮೂರಕ್ಕಿಂತ ಹೆಚ್ಚು ಓದಲಾಗುವುದಿಲ್ಲ. ಉಳಿದವು ಚೀಟಿಯಿಲ್ಲದೆ ಕಪಾಟು ಸೇರುತ್ತವೆ. ಓದದೆಯೇ ಒಂದು ಸಾಲು ಗೀಚಿಬಿಡಬಹುದಲ್ಲ ಎಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. “ಅಯ್ಯೋ, ಮಕ್ಕಳು ನನ್ನ ಮಾತು ನಂಬ್ತಾವೆ.”

ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು ನುಗ್ಗುತ್ತವೆ. ದಿನಕ್ಕೆ ಮೂವತ್ತು, ಶನಿವಾರವಾದರೆ ಐವತ್ತು ದಾಟುತ್ತದೆ. ಒಬ್ಬ ಅಪ್ಪ ಎಂಟು ವರ್ಷದ ಮಗಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದಾರೆ.

“ಇವಳು ಪುಸ್ತಕ ಮುಟ್ಟಲ್ಲ ನೋಡಿ. ಒಳ್ಳೆ ಬುದ್ಧಿ ಬರೋ ಅಂಥದ್ದು ಏನಾದ್ರೂ ಕೊಡಿ.”

ಚೀಟಿಯಮ್ಮ ಹುಡುಗಿಯ ಎತ್ತರಕ್ಕೆ ಬಗ್ಗುತ್ತಾರೆ. “ನಿನಗೆ ಯಾರ ಮೇಲೆ ಸಿಟ್ಟು ಪುಟ್ಟಿ?”

ಹುಡುಗಿ ಓರೆಗಣ್ಣಿನಲ್ಲಿ ಒಮ್ಮೆ ಪಕ್ಕಕ್ಕೆ, ಮೇಲಕ್ಕೆ ನೋಡುತ್ತಾಳೆ.

“ಗೊತ್ತಾಯ್ತು ಬಿಡು,” ಎಂದು ಚೀಟಿಯಮ್ಮ ಎರಡನೇ ಕಪಾಟಿನಿಂದ ಹೊಸ ಪುಸ್ತಕವೊಂದನ್ನು ತಂದು ಅವಳ ಕೈಗಿಡುತ್ತಾರೆ. “ಇದ್ರಲ್ಲಿ ಒಬ್ಬ ಅಪ್ಪ ಒಂದು ದಿನದ ಮಟ್ಟಿಗೆ ಹೆಬ್ಬೆರಳಷ್ಟು ಸಣ್ಣಗಾಗ್ತಾನೆ. ಮಗಳು ಅವನನ್ನ ಪೆನ್ಸಿಲ್ ಡಬ್ಬೀಲಿ ಹಾಕ್ಕೊಂಡು ಶಾಲೆಗೆ ಹೋಗ್ತಾಳೆ.”

ಹುಡುಗಿ ನಿಂತಲ್ಲೇ ಪುಟ ತೆರೆಯುತ್ತಾಳೆ. ಅಪ್ಪನ ಮುಖ ನೋಡುವಂತಿದೆ.

ಮೇಜಿನ ಆಚೆ ಕೂತ ಗ್ರಂಥಪಾಲಕರು ಕನ್ನಡಕದ ಮೇಲಿನಿಂದ ಇದನ್ನೆಲ್ಲ ನೋಡುತ್ತಿರುತ್ತಾರೆ. “ಪುಸ್ತಕ ತರಿಸೋದು ನನ್ನ ಕೆಲಸ. ಓದಿಸೋ ಕೆಲಸಕ್ಕೆ ನಮ್ಮಲ್ಲಿ ಹುದ್ದೆಯೇ ಇಲ್ಲ, ಅದನ್ನ ಇವರು ಮಾಡ್ತಿದ್ದಾರೆ,” ಎನ್ನುತ್ತಾರೆ.

ಆದರೆ ಒಮ್ಮೆ ಈ ಚೀಟಿಗಳು ನಿಂತೇಹೋಗಿದ್ದವು. ಐದು ವರ್ಷದ ಹಿಂದಿನ ಮಾತು. ಒಬ್ಬ ತಾಯಿ ಚೀಟಿಯೊಂದನ್ನು ಹಿಡಿದು ಬಂದು, “ಲೈಬ್ರರಿಯಲ್ಲೇ ಭಯಕ್ಕೆ ‘ಬಯ’, ಹಾಸ್ಯಕ್ಕೆ ‘ಆಸ್ಯ’ ಅಂತ ಬರೆದ್ರೆ ಮಕ್ಕಳು ಏನು ಕಲೀಬೇಕು?” ಎಂದು ಎಲ್ಲರೆದುರು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಸಂಜೆಯೇ ಚೀಟಿಯಮ್ಮ ಕಪಾಟುಗಳ ಮುಂದೆ ಕೂತು ಒಂದೊಂದೇ ಪುಸ್ತಕ ತೆಗೆದು ಚೀಟಿಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದರು. ಒಂದು ತಿಂಗಳು ಪೊರಕೆ ಮತ್ತು ಮೊಹರು, ಅಷ್ಟೇ.

ಆಗ ಬಂದವಳೇ ಒಂಬತ್ತು ವರ್ಷದ ಒಬ್ಬ ಹುಡುಗಿ. ಅಪ್ಪ ಸೇತುವೆ ಕಟ್ಟುವ ಕಂಪನಿಯಲ್ಲಿ ಅಳತೆ ಮಾಡುವವರು. ಸೇತುವೆ ಎಲ್ಲೋ ಸಂಸಾರ ಅಲ್ಲಿ. ಇದು ಅವಳ ಮೂರನೇ ಶಾಲೆ.

“ಪುಸ್ತಕದಲ್ಲಿ ಚೀಟಿ ಇರುತ್ತೆ ಅಂತ ಶಾಲೇಲಿ ಹೇಳಿದ್ರು. ಯಾಕಿಲ್ಲ?” ಎಂದು ನೇರ ಕೇಳಿದಳು.

“ನನಗೆ ಸರಿಯಾಗಿ ಬರೆಯೋಕೆ ಬರಲ್ಲ ಪುಟ್ಟಿ.”

“ನನಗೆ ಬರುತ್ತೆ. ನೀವು ಬರೀರಿ, ನಾನು ತಿದ್ದಿ ಕೊಡ್ತೀನಿ.”

ಮಾರನೆಯ ದಿನದಿಂದ ಅವಳು ಕೆಂಪು ಪೆನ್ಸಿಲ್ ತಂದಳು. “ಭಯಕ್ಕೆ ಕೆಳಗೊಂದು ಬಾಲ ಇರುತ್ತೆ ಚೀಟಿಯಮ್ಮ. ಬಾಲ ಇಲ್ದಿದ್ರೆ ಯಾರೂ ಹೆದರಲ್ಲ,” ಎಂದು ಪಾಠ ಹೇಳಿದಳು. ಚೀಟಿಯಮ್ಮ ಅವಳಿಗೆ ‘ಪಂಡಿತೆ’ ಎಂದು ಹೆಸರಿಟ್ಟರು. ಮೂರು ವರ್ಷ ಹೀಗೇ ನಡೆಯಿತು. ಸಂಜೆ ನಾಲ್ಕೂಕಾಲಿಗೆ ಪಂಡಿತೆ ಬಂದು ಆ ದಿನದ ಚೀಟಿ ತಿದ್ದುವಳು. ಬರಬರುತ್ತಾ ತಿದ್ದುವುದಕ್ಕಿಂತ ಜಗಳವೇ ಜಾಸ್ತಿಯಾಯಿತು. ನೀವು ಚೆನ್ನಾಗಿದೆ ಎಂದ ಪುಸ್ತಕ ಚೆನ್ನಾಗಿಲ್ಲ ಎಂದು ಅವಳು, ನಿನಗೆ ತಾಳ್ಮೆ ಇಲ್ಲ ಎಂದು ಇವರು. ಇಬ್ಬರಿಗೂ ಒಂದೇ ಮಟ್ಟದಲ್ಲಿ ಹುಚ್ಚು ಹಿಡಿಸಿದ್ದು ದೋಣಿ ನಡೆಸುವ ಅಜ್ಜಿಯೊಬ್ಬಳ ಕಥೆ. ಮೂರು ಭಾಗದ್ದು. ಎರಡನೇ ಭಾಗದ ಕೊನೆಯಲ್ಲಿ ಅಜ್ಜಿ ನಿದ್ದೆಯಲ್ಲಿದ್ದಾಳೆ, ಮಂಜು ಕವಿದಿದೆ, ಹಗ್ಗ ಬಿಚ್ಚಿಕೊಂಡು ದೋಣಿ ತಾನಾಗಿ ಹೊರಟಿದೆ. ಮೂರನೆಯದು ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಸೇತುವೆ ಮುಗಿಯಿತು.

“ಹೋಗೋ ದಿನ ಬಂದು, ‘ಅಜ್ಜಿ ಸಾಯಲ್ಲ ಅಲ್ವಾ?’ ಅಂತ ಕೇಳಿದ್ಲು. ನನಗೇನು ಗೊತ್ತು? ಗೊತ್ತಿಲ್ಲ ಕಣೇ ಅಂದೆ. ಸುಳ್ಳು ಹೇಳಬಹುದಿತ್ತು ಅಂತ ಈಗ ಅನ್ಸುತ್ತೆ.”

ಮೂರನೇ ಭಾಗ ಬಂದದ್ದು ನಾಲ್ಕು ತಿಂಗಳಾದ ಮೇಲೆ. ಇವರು ಅದನ್ನು ಎರಡು ವಾರ ಕಪಾಟಿಗೆ ಇಡದೆ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡರು. ನೌಕರಿಯಲ್ಲಿ ಅವರು ಮಾಡಿದ ನಿಯಮಭಂಗ ಅದೊಂದೇ. ಬೇರೆ ಮಕ್ಕಳೂ ಕಾಯುತ್ತಿದ್ದವು, ಇಡಲೇಬೇಕಾಯಿತು. ಲೈಬ್ರರಿಯ ಪುಸ್ತಕವನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ಊರಿನ ಅಂಗಡಿಗಳಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಸಿಗದು. ಕೊನೆಗೆ ಇನ್ನೂರು ಪುಟದ ನೋಟ್‌ಬುಕ್ ತಂದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ದಿನಕ್ಕೊಂದು ಪುಟದಂತೆ ಇಡೀ ಕಥೆಯನ್ನು ನಕಲು ಮಾಡತೊಡಗಿದರು. ಯಾರಾದರೂ ಪುಸ್ತಕ ಎರವಲು ಒಯ್ದರೆ ಅದು ವಾಪಸಾಗುವವರೆಗೆ ಕಾಯುವುದು, ಬಂದ ದಿನ ಮತ್ತೆ ಮುಂದುವರಿಸುವುದು. ನೂರ ಹದಿನಾಲ್ಕು ಪುಟ ಮುಗಿಯಲು ಏಳು ತಿಂಗಳು ಹಿಡಿಯಿತು. “ನಿನಗೇನು ಗ್ರಹಚಾರ?” ಎಂದು ಗಂಡ ಕೇಳಿದರಂತೆ. ಆದರೂ ಬೇಕರಿಯಿಂದ ದಪ್ಪ ಕಾಗದ ತಂದು ನೋಟ್‌ಬುಕ್ಕಿಗೆ ರಟ್ಟು ಹಾಕಿಕೊಟ್ಟವರು ಅವರೇ.

ವಿಳಾಸ ಸಿಗಲಿಲ್ಲ. ಶಾಲೆಯವರು ಕೊಡುವಂತಿಲ್ಲ ಎಂದರು. ಸೇತುವೆಯ ಹತ್ತಿರ ಉಳಿದುಕೊಂಡಿದ್ದ ಕಾವಲುಗಾರನಿಗೆ ಕಂಪನಿಯ ಮುಖ್ಯ ಕಚೇರಿಯ ವಿಳಾಸ ಗೊತ್ತಿತ್ತು. ಅಪ್ಪನ ಹೆಸರು ಬರೆದು ಅಲ್ಲಿಗೇ ಕಳಿಸಿದರು. ಏಳು ವಾರದ ನಂತರ ಒಂದು ಕಾಗದ ಬಂತು.

ಅದನ್ನು ಅವರು ಮಡಿಕೆ ಹರಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದಾರೆ. ಓದಿ ತೋರಿಸುವಾಗ ಬೆರಳು ಸಾಲಿನ ಕೆಳಗೆ ಹೋಗುವುದಿಲ್ಲ, ಬಾಯಿಪಾಠವಾಗಿದೆ. ‘ಚೀಟಿಯಮ್ಮ, ಈ ಪುಸ್ತಕ ಇಲ್ಲಿನ ಲೈಬ್ರರಿಯಲ್ಲಿ ಮೊದಲೇ ಸಿಕ್ಕಿತ್ತು. ಓದಿಬಿಟ್ಟಿದ್ದೆ. ನಿಮ್ಮದು ಬಂದ ಮೇಲೆ ಮತ್ತೆ ಓದಿದೆ. ನಗು ಬರುವ ಜಾಗದಲ್ಲಿ ನಿಮ್ಮ ಅಕ್ಷರ ಅಲುಗಾಡಿದೆ. ನಲವತ್ತೊಂದನೇ ಪುಟದಲ್ಲಿ ಒಂದು ತಪ್ಪಿದೆ, ನಾನು ತಿದ್ದಿಲ್ಲ. ಇಲ್ಲಿನ ಲೈಬ್ರರಿ ತುಂಬಾ ದೊಡ್ಡದು. ಆದರೆ ಯಾವ ಪುಸ್ತಕದಲ್ಲೂ ಚೀಟಿ ಇಲ್ಲ. ಮುಂದಿನ ತಿಂಗಳು ನಾವು ಬೇರೆ ಊರಿಗೆ ಹೋಗ್ತೀವಿ.’

ಯಾವ ಊರು ಎಂದು ಬರೆದಿಲ್ಲ. ಇವರು ಮತ್ತೆ ಕಂಪನಿಯ ವಿಳಾಸಕ್ಕೇ ಎರಡು ಕಾಗದ ಹಾಕಿದ್ದಾರೆ. ಒಂದು ವರ್ಷವಾಯಿತು, ಉತ್ತರವಿಲ್ಲ. ಅಂಚೆಯವನು ಮೆಟ್ಟಿಲು ಹತ್ತುವಾಗ ಇವರ ಕೈಯಲ್ಲಿನ ಮೊಹರು ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಬಂದದ್ದು ಬರೀ ಕಚೇರಿಯ ಲಕೋಟೆ ಎಂದು ತಿಳಿದ ಮೇಲೆ ಪುಟದ ಮೇಲೆ ಬೀಳುತ್ತದೆ.

ಏಳು ತಿಂಗಳ ಶ್ರಮ ವ್ಯರ್ಥವಾಯಿತೆಂದು ಬೇಸರವಿಲ್ಲವೇ?

“ವ್ಯರ್ಥ ಯಾಕೆ? ಅಜ್ಜಿ ಬದುಕಿದ್ದು ಅವಳಿಗೆ ಗೊತ್ತಾಯ್ತಲ್ಲ, ಅಷ್ಟು ಸಾಕು. ಈಗ ಹದಿನಾಲ್ಕು ತುಂಬಿರಬೇಕು. ಇಂಥ ಪುಸ್ತಕ ಎಲ್ಲ ಓದ್ತಾಳೋ ಇಲ್ವೋ.” ಕಪಾಟಿನ ಕಡೆ ತಿರುಗುತ್ತಾರೆ. “ಹೊಸ ಕಟ್ಟು ಬಿಚ್ಚಿದಾಗೆಲ್ಲ ಅನ್ಸುತ್ತೆ, ಇದು ಅವಳಿಗೆ ಹಿಡಿಸೋದು, ಇದಕ್ಕೆ ಜಗಳ ಆಡೋಳು ಅಂತ. ಜಗಳ ಆಡೋರಿಲ್ದೆ ಚೀಟಿ ಬರೆಯೋದು ಒಂಥರಾ.”

ಇನ್ನು ಒಂಬತ್ತು ವರ್ಷ ನೌಕರಿ ಇದೆ. ಅಷ್ಟರಲ್ಲಿ ಏನಾಗಬೇಕೆಂಬ ಆಸೆ ಎಂದು ಕೇಳಿದರೆ, ಮೊದಲು ನಗುತ್ತಾರೆ. ಮಕ್ಕಳ ಕೋಣೆಯಲ್ಲಿ ದೊಡ್ಡವರು ಕೂರುವಂಥ ಒಂದು ಕುರ್ಚಿ ಬೇಕು, ಸೊಂಟ ಹಿಡಿಯುತ್ತದೆ ಎನ್ನುತ್ತಾರೆ. ಆಮೇಲೆ ಒರೆಸುವ ಬಟ್ಟೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚುತ್ತಾರೆ.

“ಇಷ್ಟು ವರ್ಷದಲ್ಲಿ ನನಗೆ ಯಾರೂ ಒಂದು ಪುಸ್ತಕ ಆರಿಸಿಕೊಟ್ಟಿಲ್ಲ. ಒಂದು ದಿನ ಯಾರಾದ್ರೂ ನನ್ನ ಮುಖ ನೋಡಿ, ಎದ್ದು ಹೋಗಿ, ಹುಡುಕಿ ತಂದು, ‘ತಗೊಳ್ಳಿ, ಇದು ನಿಮಗೆ’ ಅನ್ನಬೇಕು. ಚೆನ್ನಾಗಿಲ್ದಿದ್ರೂ ಪರವಾಗಿಲ್ಲ. ಕೊನೇವರೆಗೂ ಓದ್ತೀನಿ.”