ರಜೆಗೆ ಬಂದ ಲೀಡರ್

ಶನಿವಾರ ಸಂಜೆ ಐದೂವರೆ ಆಯಿತೆಂದರೆ ಶಿರ್ವದ ನಮ್ಮ ಸ್ಕೌಟ್ಸ್ ಮೈದಾನದ ಗೇಟಿನ ಹೊರಗೆ ಹಾರ್ನ್‌ಗಳ ಗದ್ದಲ. ಒಳಗೆ ಪುಟ್ಟ ಮಕ್ಕಳು ದುಂಡಗೆ ಕೂತು ಕೊನೆಯ ಹಾಡು ಹೇಳುತ್ತಿದ್ದರೆ, ಹೊರಗೆ ಅಪ್ಪ ಅಮ್ಮಂದಿರ ಕಾರು, ಸ್ಕೂಟರುಗಳಿಗೆ ಅವಸರ. ಆ ಹಾರ್ನ್ ನೆನಪಾದರೆ ಈಗಲೂ ಸುಸ್ತಾಗುತ್ತದೆ.

ಲೀಡರ್ ಎಂದು ಇದ್ದವರು ನಾವಿಬ್ಬರೇ: ನಾನು, ಮತ್ತು ಕಾರ್ಕಳದಿಂದ ಬಸ್ಸು ಬದಲಾಯಿಸಿ ಬರುತ್ತಿದ್ದ ನನ್ನ ಕಾನ್ವೆಂಟ್ ಕಾಲದ ಗೆಳತಿ. ಸಂಬಳವಿಲ್ಲದ ಕೆಲಸ. ಒಬ್ಬ ಲೀಡರ್‌ಗೆ ಇಷ್ಟೇ ಮಕ್ಕಳು ಎಂಬ ರೂಲ್ ಬೇರೆ. ಕಾಪುವಿನಿಂದ, ಪರ್ಕಳದಿಂದಲೂ ಸೀಟ್ ಕೇಳಿಕೊಂಡು ಬರುತ್ತಿದ್ದರು. "ಸ್ವಲ್ಪ ಡಿಸಿಪ್ಲಿನ್ ಬರ್ಲಿ, ಟೀಚರ್." "ಆಗ್ಲಿ, ನೀವೂ ಒಂದು ಗಂಟೆ ನಿಲ್ತೀರಾ?" ಎಂದರೆ ಎಲ್ಲರಿಗೂ ಕೆಲಸ. ಪಾಪ, ಇತ್ತು ಕೂಡ.

ಹಾಗಿರುವಾಗ ಕುವೈತಿನಿಂದ ರಜೆಗೆ ಬಂದಿದ್ದ ಒಬ್ಬ ತಂದೆ ಮಗಳ ಕೈ ಹಿಡಿದುಕೊಂಡು ಬಂದ.

"ಜಾಗ ಇಲ್ಲ ಮಾರಾಯ," ಎಂದೆ.

"ಜಾಗ ಉಂಟು, ಲೀಡರ್ ಇಲ್ಲ. ಹೌದಲ್ವಾ? ನಾನು ನಿಲ್ತೇನೆ. ಮನೆಯಲ್ಲಿ ಕೂತ್ರೆ ಹೆಂಡತಿ ತೆಂಗಿನಕಾಯಿ ಸುಲಿಸ್ತಾಳೆ!"

ನಿಂತ. ಚಿಕ್ಕಂದಿನಲ್ಲಿ ಸ್ಕೌಟ್ ಆಗಿದ್ದವನು. ಹಾಡುಗಳು ಅರ್ಧ ನೆನಪು, ಉಳಿದರ್ಧ ಅವನೇ ಕಟ್ಟುತ್ತಿದ್ದ. ಅವನ ಧೈರ್ಯದ ಮೇಲೆ ಕಾದಿದ್ದ ಮಕ್ಕಳನ್ನೆಲ್ಲ ಸೇರಿಸಿಕೊಂಡೆವು, ಒಂದು ಹೊಸ ಸಾಲೇ ಆಯಿತು.

"ಇವನ ರಜೆ ಮುಗಿದ್ರೆ ಎಂತ ಮಾಡ್ತಿ?" ಗೆಳತಿ ಕೇಳಿದಳು.

"ನೋಡುವ," ಎಂದೆ.

ರಜೆ ಮುಗಿಯುತ್ತ ಬಂತು. ನಾನು ಗೇಟಿನ ಹೊರಗೆ ಹೋಗಿ ಒಂದೊಂದೇ ಕಾರಿನ ಕಿಟಕಿ ತಟ್ಟಿದೆ. "ಡೊನೇಶನ್ ಬೇಕಾದ್ರೆ ಕೊಡ್ತೇನೆ ಟೀಚರ್," ಎಂದರು ಒಬ್ಬರು. ಇನ್ನೊಬ್ಬರು ಎ.ಸಿ. ಹೊರಗೆ ಹೋಗುತ್ತದೆಂದು ಗಾಜನ್ನು ಅರ್ಧಕ್ಕೇ ಇಳಿಸಿದರು.

ಆ ಸಂಜೆ ಬಸ್ ಸ್ಟಾಪಿನಲ್ಲಿ ಗೆಳತಿ, "ಹೊಸಬರಿಗೆ ಬರ್ಬೇಡಿ ಅಂತ ಹೇಳ್ಬೇಕಷ್ಟೆ," ಎಂದಳು.

"ನೀನೇ ಹೇಳು."

"ನನ್ನ ಬಾಯಲ್ಲಿ ಬರುವುದಿಲ್ಲಪ್ಪ."

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ತಿರುಗಿದಳು: "ಭಾನುವಾರ ಚರ್ಚಲ್ಲಿ ಮಾಸ್ ಆದ ಮೇಲೆ ಇನ್ನೊಂದು ಬ್ಯಾಚ್ ಮಾಡಿದ್ರೆ?" ಬೇಡ ಎನ್ನುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಮಧ್ಯಾಹ್ನ ಊಟ ಮಾಡಿ ಮಲಗುವ ನನ್ನ ಒಂದೇ ಒಂದು ದಿನ ಹಾಗೆ ಬಸ್ಸು ಹತ್ತಿ ಹೋಯಿತು. ಆಮೇಲೆ ಎಷ್ಟೋ ವರ್ಷ ಅದು ನನಗೆ ವಾಪಸ್ ಸಿಗಲಿಲ್ಲ.

ಕುವೈತಿನವನನ್ನು ನಾನು ಕೊನೆಯದಾಗಿ ನೋಡಿದ್ದು ಆ ಮೊದಲ ಭಾನುವಾರ. ಮಂಗಳೂರು ಏರ್‌ಪೋರ್ಟಿಗೆ ಹೊರಟ ಕಾರನ್ನು ಗೇಟಿನ ಹತ್ತಿರ ನಿಲ್ಲಿಸಿ ಇಳಿದ. ಇಸ್ತ್ರಿ ಮಾಡಿದ ಶರ್ಟು, ಹೊಸ ಶೂ.

"ಎರಡು ದಿನ ನಿಲ್ಲಲಿಕ್ಕೆ ಆಗ್ತದಾ ಟೀಚರ್, ನಿಮ್ಗೆ?"

"ಮಂಡಿ ಎರಡುಂಟಲ್ಲ ಮಾರಾಯ. ಒಂದು ಶನಿವಾರಕ್ಕೆ, ಒಂದು ಭಾನುವಾರಕ್ಕೆ."

ಅವನು ನಕ್ಕು, ಮಗಳು ಎಲ್ಲಿ ಎಂದು ಸಾಲಿನಲ್ಲಿ ಹುಡುಕಿದ. ಅವಳು ನಮಗೆ ಬೆನ್ನು ಹಾಕಿ ಪಕ್ಕದವಳೊಡನೆ ಏನೋ ಜಗಳದಲ್ಲಿದ್ದಳು. ಕರೆಯಲೇ ಎಂದೆ. ಬೇಡವೆಂದು ತಲೆಯಾಡಿಸಿದ. ಕಾರು ಹತ್ತಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.