ಪೆನ್ನು ನಿಂತ ಜಾಗ

ನಮ್ಮ ದೊಡ್ಡಮ್ಮನಿಗೆ ಹೊಲಿಗೆ ಅಂಗಡಿ ಇತ್ತು. ವರ್ಷಕ್ಕೆರಡು ಸಲ, ಪರೀಕ್ಷೆಯ ದಿನಗಳಲ್ಲಿ, ಅದಕ್ಕೆ ಬೀಗ ಹಾಕಿ ಕಾಲೇಜಿಗೆ ಹೋಗುತ್ತಿದ್ದಳು. ಕಣ್ಣು ಕಾಣದ ವಿದ್ಯಾರ್ಥಿಗಳು ಉತ್ತರ ಹೇಳುತ್ತಿದ್ದರು, ಇವಳು ಬರೆಯುತ್ತಿದ್ದಳು. ಅಕ್ಷರ ದುಂಡು, ಕೈ ಚುರುಕು. ಅದಕ್ಕಿಂತ ದೊಡ್ಡ ಅರ್ಹತೆ ಎಂದರೆ ಅವಳು ಸಾಹಿತ್ಯ ಓದಿರಲಿಲ್ಲ. ಬರೆದುಕೊಡುವವರಿಗೆ ಆ ವಿಷಯ ಗೊತ್ತಿರಬಾರದು ಎಂಬುದು ಆ ಕಾಲೇಜಿನ ನಿಯಮ. ಏನೂ ಗೊತ್ತಿಲ್ಲವೆಂದೇ ಕರೆದು ಕೂರಿಸುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು ಎಂದು ನಾನು ಛೇಡಿಸುತ್ತಿದ್ದೆ.

ಹದಿನಾಲ್ಕು ವರ್ಷ ಬರೆದಳು. ಕೈಯಿಂದ ಹಾದುಹೋದದ್ದು ಅಷ್ಟು ವರ್ಷವೂ ತಲೆಗೆ ಹತ್ತದೆ ಇರುತ್ತದೆಯೇ? ಉಪಮೆ, ರೂಪಕ, ಶ್ಲೇಷೆಗಳೆಲ್ಲ ಮೆಲ್ಲಗೆ ಅಂಗಡಿಯೊಳಗೆ ಬಂದು ಕೂತವು. ಒಂದು ಅಂಗಿಗೋಸ್ಕರ ನೂರು ಸಲ ಅಲೆದೆ ಎಂದು ಗಿರಾಕಿ ರೇಗಿದರೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಅದು ಅತಿಶಯೋಕ್ತಿ, ಬಂದದ್ದು ಮೂರು ಸಲ ಎನ್ನುತ್ತಿದ್ದಳು. ಸೊಂಟದ ಅಳತೆಯಲ್ಲಿ ಎರಡಿಂಚು ನುಂಗಿ ಹೇಳುವವರ ಮಾತಿಗೂ ಅವಳ ಬಳಿ ಒಂದು ಹೆಸರಿತ್ತು. ಅದನ್ನು ಅವರು ಹೋದ ಮೇಲೆ ಹೇಳುತ್ತಿದ್ದಳು.

ಹದಿನಾಲ್ಕನೆಯ ವರ್ಷ, ಕೊನೆಯ ತರಗತಿಯ ಹುಡುಗಿಯೊಬ್ಬಳ ಕೊನೆಯ ಪತ್ರಿಕೆ. ಮೂರು ವರ್ಷವೂ ಅವಳಿಗೆ ದೊಡ್ಡಮ್ಮನೇ ಬರೆದಿದ್ದಳು. ಸಣ್ಣ ಕೋಣೆ, ಒಂದು ಮೇಜು, ಎರಡು ಕುರ್ಚಿ, ಬಾಗಿಲ ಬಳಿ ತೂಕಡಿಸುವ ಮೇಲ್ವಿಚಾರಕರು. ರೂಪಕಕ್ಕೆ ಉದಾಹರಣೆ ಕೇಳಿದ್ದರು. ಅವಳ ಮನಸ್ಸು ಹೂವಿನಂತೆ ಮೃದು, ಎಂದಳು ಹುಡುಗಿ. ಅದು ಉಪಮೆ. ದೊಡ್ಡಮ್ಮ ತುಟಿಪಿಟಕ್ಕೆನ್ನಲಿಲ್ಲ. ಆದರೆ ಪೆನ್ನು ಅರ್ಧ ಸಾಲಿನಲ್ಲೇ ನಿಂತುಬಿಟ್ಟಿತು.

ಹುಡುಗಿ ಕಿವಿಗೊಟ್ಟು ಕೂತಳು. ಆಮೇಲೆ ಅದನ್ನು ಹೊಡೆದುಹಾಕಲು ಹೇಳಿ, ಅವಳ ಮನಸ್ಸೇ ಹೂವು ಎಂದು ಬರೆಸಿದಳು.

ಹೊರಗೆ ಬಂದ ಮೇಲೆ ದೊಡ್ಡಮ್ಮನ ಕೈ ಹಿಡಿದುಕೊಂಡು ಖುಷಿಯಿಂದಲೇ ಹೇಳಿದಳು: "ಆಂಟಿ, ನಿಮ್ಮ ಪೆನ್ನು ನಿಂತ್ರೆ ನಂಗೆ ಗೊತ್ತಾಗಿಬಿಡುತ್ತೆ, ತಪ್ಪು ಹೇಳ್ದೆ ಅಂತ. ಮೊದಲನೇ ವರ್ಷದಿಂದ್ಲೂ ಹಾಗೇ ತಿದ್ಕೊಂಡು ಬಂದಿದೀನಿ."

ಹೊಲಿದು ಉಳಿದ ಚೂರು ಬಟ್ಟೆಯನ್ನೂ ಕಟ್ಟಿ ಗಿರಾಕಿಗೆ ಹಿಂದಿರುಗಿಸುವ ಹೆಂಗಸು ಅವಳು. ಅವತ್ತು ಊಟ ಸೇರಲಿಲ್ಲ. ಬಾಯಿಗೆ ಬೀಗ ಹಾಕಿದೆ, ಕೈ ಚಾಡಿ ಹೇಳಿತು ನೋಡು ಎಂದಳು. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದೆ. ನನಗೆ ಗೊತ್ತಾಯಿತಲ್ಲ ಎಂದಳು. ಮರುದಿನ ಕಾಲೇಜಿನ ಕಚೇರಿಗೆ ಹೋಗಿ, ಹುಡುಗಿಯ ಸುದ್ದಿ ಎತ್ತದೆ, ತನಗೆ ವಿಷಯ ಗೊತ್ತಾಗಿಹೋಗಿದೆ, ಇನ್ನು ಕರೆಯಬೇಡಿ ಎಂದು ತಾನೇ ಹೆಸರು ಹೊಡೆಸಿ ಬಂದಳು. ಆ ಕೋಣೆ ಅವಳಿಗೆ ಅಂಗಡಿಗಿಂತ ಪ್ರೀತಿಯದಾಗಿತ್ತು. ಎರಡು ದಿನ ಮೆಷಿನ್ ತುಳಿಯಲಿಲ್ಲ. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಮೂರನೆಯ ದಿನ ಅದೇ ಕಾಲೇಜಿನಲ್ಲಿ ಸಾಹಿತ್ಯ ಓದಲು ಸೇರುವ ಅರ್ಜಿ ತಂದು ಅವಳ ಮುಂದೆ ಇಟ್ಟೆ. "ಗೊತ್ತಿದೆ ಅಂತ ನೀನೇ ಒಪ್ಕೊಂಡು ಬಂದಿದೀಯಲ್ಲ ದೊಡ್ಡಮ್ಮ. ಇನ್ನು ನಿಂದು ನೀನು ಬರಿ."

ಈ ವಯಸ್ಸಿನಲ್ಲಿ ಇದೇನು ಎಂದು ಗೊಣಗುತ್ತಲೇ ಸಹಿ ಹಾಕಿದಳು. ವರ್ಷದ ಕೊನೆಗೆ, ತನ್ನ ಅರ್ಧ ವಯಸ್ಸಿನವರ ನಡುವೆ ದೊಡ್ಡ ಕೋಣೆಯಲ್ಲಿ ಪರೀಕ್ಷೆಗೆ ಕೂತಳು. ಪ್ರಶ್ನೆ ಓದಿದಳು, ಪೆನ್ನಿನ ಮುಚ್ಚಳ ತೆಗೆದಳು, ಸುಮ್ಮನೆ ಕಾದಳು. ಹತ್ತು ನಿಮಿಷ ಕಳೆಯಿತು. ಎಲ್ಲ ಉತ್ತರವೂ ಬರುತ್ತಿತ್ತು, ಆದರೆ ಯಾರೂ ಹೇಳದೆ ಕೈ ಓಡುತ್ತಿರಲಿಲ್ಲ. ಕೊನೆಗೆ ತಾನೇ ಮೆಲ್ಲಗೆ ಹೇಳತೊಡಗಿದಳು. ಕೈ ಓಡಿತು.

ಅದೇ ಹಳೆಯ ಮೇಲ್ವಿಚಾರಕರು ಹತ್ತಿರ ಬಂದು, ಯಾರಿಗೆ ಹೇಳಿಕೊಡುತ್ತಿದ್ದೀರಿ ಎಂದು ಗದರಿದರು.

"ಯಾರಿಗೂ ಇಲ್ಲ ಸಾರ್. ನಾನೇ ಹೇಳ್ತಿದೀನಿ, ನಾನೇ ಬರ್ಕೋತಿದೀನಿ."

ಅವರಿಗೆ ಗುರುತು ಸಿಕ್ಕಿತು. ಬೇರೆಯವರಿಗೆ ತೊಂದರೆಯಾಗದಿರಲೆಂದು ಅವಳನ್ನು ಆ ಸಣ್ಣ ಕೋಣೆಗೇ ಕರೆದೊಯ್ದರು. ಎರಡು ಕುರ್ಚಿಗಳೂ ಇದ್ದ ಜಾಗದಲ್ಲೇ ಇದ್ದವು. ದೊಡ್ಡಮ್ಮ ಒಂದು ಗಳಿಗೆ ನಿಂತು ನೋಡಿ, ಹೇಳುವವರ ಕುರ್ಚಿಯಲ್ಲಿ ಕೂತಳು.